ಸೇವೆಯ ಲೆಕ್ಕ, ಊರಿನ ಮುಂದೆ

2021ರ ನವೆಂಬರ್ 8ರಂದು, ಹಾಲಕ್ಕಿ ಒಕ್ಕಲಿಗ ಸ್ತ್ರೀಯರು ತಲೆಮಾರುಗಳಿಂದ ಉಡುತ್ತ ಬಂದಿರುವ ಉಡುಗೆಯನ್ನೇ ಉಟ್ಟು, ಕೊರಳ ತುಂಬ ಮಣಿಸರಗಳನ್ನು ಧರಿಸಿ, ಬರಿಗಾಲಿನಲ್ಲಿಯೇ ರಾಷ್ಟ್ರಪತಿಭವನದೊಳಗೆ ನಡೆದುಬಂದು, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದರು. ಆ ಗಳಿಗೆಯ ಛಾಯಾಚಿತ್ರವು ಸಾಮಾಜಿಕ ಜಾಲತಾಣಗಳನ್ನೇರಿ ದೇಶದ ಮೂಲೆಮೂಲೆಯನ್ನು ಮುಟ್ಟಿತು. ಅಂಕೋಲೆ ಎಲ್ಲಿದೆಯೆಂಬುದನ್ನು ಅರಿಯದವರೂ ಆ ಮುಖವನ್ನು ಗುರುತಿಸುವಂತಾಯಿತು. ಆದರೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಆ ತಾಯಿ ಬೀಜವನ್ನಾಯ್ದು, ಸಸಿಯನ್ನು ಸಾಕಿ, ಕಾಡಿಗೆ ಕಳುಹಿಸುವ ಕಾರ್ಯವನ್ನು ಕೈಕೊಂಡು ಆ ವೇಳೆಗೆ ಎಷ್ಟೋ ದಶಕಗಳು ಸಂದಿದ್ದುವು. ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿಯು ಅವರಿಗೆ 1986ರಲ್ಲಿಯೇ ಬಂದಿತ್ತು. ಯಾವ ತಾಯಿಮರದಿಂದ ಯಾವ ಕಾಲದಲ್ಲಿ ಬೀಜವನ್ನು ಸಂಗ್ರಹಿಸಬೇಕೆಂಬ ಅವರ ಅಪೂರ್ವವಾದ ಜ್ಞಾನವು ಮಾತ್ರ, ಚಿತ್ರವು ಹರಡಿದ ವೇಗದಲ್ಲಿ ಹರಡಲಿಲ್ಲ. 2024ರ ಡಿಸೆಂಬರ್ 16ರಂದು ಅವರು ನಮ್ಮನ್ನಗಲಿದರು.

ಮುಖವು ಒಂದು ಸಂಜೆಯಲ್ಲಿ ಲೋಕಪ್ರಸಿದ್ಧವಾಗಬಹುದು, ಕೆಲಸವು ಹಾಗಾಗಲಾರದು ಎಂಬುದನ್ನು ಈ ಪ್ರಸಂಗವು ನಮಗೆ ತಿಳಿಸುತ್ತದೆ. ಕಾರವಾರದಿಂದ ಅಂಕೋಲೆಯವರೆಗಿನ ಸುಮಾರು 35 ಕಿಲೋಮೀಟರುಗಳ ಕಡಲತಡಿಯಲ್ಲಿ, ರಕ್ತದಾನಿಗಳ ಬಳಗ, ಮೀನುಗಾರ ಮಹಿಳೆಯರ ಸಂಘ, ಯಕ್ಷಗಾನ ಮಂಡಳಿ, ಊರಿನ ವಾಚನಾಲಯ, ವಿಕಲಚೇತನ ಮಕ್ಕಳ ಶಾಲೆ, ಹಳೆಯ ವಿದ್ಯಾರ್ಥಿಗಳ ಸಂಘ ಎಂದು ನಾನಾ ರೂಪಗಳಲ್ಲಿ ಲಾಭಾಪೇಕ್ಷೆಯಿಲ್ಲದೆ ನಡೆಯುತ್ತಿರುವ ಸೇವಾಕಾರ್ಯಗಳು ಹಲವು. ಇವುಗಳಲ್ಲಿ ಕೆಲವಕ್ಕೆ ಜಾಲತಾಣವೆಂದರೆ ಬರಿಯ ಪ್ರದರ್ಶನವೆಂಬ ಸಂಕೋಚ. ಕೆಲವಕ್ಕೆ ಅದು ಪ್ರದರ್ಶನದ ಸಾಧನವೆಂಬ ಕಾರಣದಿಂದಲೇ ಉತ್ಸಾಹ. ಈ ಸಂಕೋಚಕ್ಕೂ ಆ ಉತ್ಸಾಹಕ್ಕೂ ಬುಡದಲ್ಲಿರುವುದು ಒಂದೇ ತಪ್ಪು ತಿಳಿವಳಿಕೆ. ಲೋಕದ ಹಣದಿಂದ, ಲೋಕದ ವಿಶ್ವಾಸದಿಂದ, ಲೋಕದ ಕೆಲಸವನ್ನು ಮಾಡುವ ಸಂಸ್ಥೆಗೆ ಆ ಕೆಲಸದ ಲೆಕ್ಕವನ್ನು ಲೋಕದ ಮುಂದೆ ಒಪ್ಪಿಸುವುದು ಕರ್ತವ್ಯವಾಗಿರುತ್ತದೆ. ವರ್ಷಕ್ಕೊಮ್ಮೆ ವಾರ್ಷಿಕ ಸಭೆಯಲ್ಲಿ, ಬಂದ ಕೆಲವೇ ಸದಸ್ಯರ ಎದುರಿಗೆ ಓದಿ ಮುಗಿಸುವ ವರದಿಯನ್ನು ತಿಂಗಳು ತಿಂಗಳೂ ಇಡೀ ಊರಿನ ಎದುರಿಗೆ ಓದುವುದಕ್ಕೆ ಒದಗಿರುವ ಅನುಕೂಲವೇ ಜಾಲತಾಣವೆಂದು ತಿಳಿದುಕೊಂಡರೆ, ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ಈ ನೆಲಕ್ಕೆ ಇದು ಹೊಸ ವಿಚಾರವೂ ಅಲ್ಲ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ದೀಕ್ಷೆ ತೊಟ್ಟ ಅಂಕೋಲೆಯ ದಿನಕರ ದೇಸಾಯಿಯವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಹೈಸ್ಕೂಲೆಂಬುದು ದೂರದ ಮಾತಾಗಿದ್ದ ಹಳ್ಳಿಗಳಿಗೆ ಶಿಕ್ಷಣವನ್ನು ಕೊಂಡೊಯ್ದರು; ಗೋಖಲೆಯವರ ಜನ್ಮಶತಾಬ್ದಿಯ ಸ್ಮರಣೆಯನ್ನು ಹೊತ್ತ ಅಂಕೋಲೆಯ ಕಾಲೇಜು ಆ ಟ್ರಸ್ಟಿನದೇ. ಸಂಸ್ಥೆಯನ್ನು ಕಟ್ಟಿದ ಅವರೇ 'ಜನಸೇವಕ' ಎಂಬ ವಾರಪತ್ರಿಕೆಯನ್ನೂ ನಡೆಸಿದರು; ನಾಲ್ಕೇ ಸಾಲುಗಳಲ್ಲಿ ಒಂದು ವಿಚಾರವನ್ನು ಸಾಮಾನ್ಯನ ನಾಲಗೆಯ ಮೇಲೆ ನಿಲ್ಲಿಸುವ ಚುಟುಕವನ್ನು ಕನ್ನಡದಲ್ಲಿ ಪ್ರತಿಷ್ಠಿಸಿದವರೂ ಅವರೇ. ಕೆಲಸವನ್ನು ಮಾಡುವುದು, ಮಾಡಿದುದನ್ನು ಜನರಿಗೆ ತಿಳಿಸುವುದು, ತಿಳಿಸುವಾಗ ಮಾತನ್ನು ಮಿತವಾಗಿ ಬಳಸುವುದು: ಈ ಮೂರೂ ಒಬ್ಬನೇ ಮನುಷ್ಯನಲ್ಲಿ ಕೂಡಿಬಂದಿದ್ದ ಊರಿನಲ್ಲಿ, ಇಂದಿನ ಸೇವಾಸಂಸ್ಥೆಗಳು ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದ ಅಗತ್ಯವಿಲ್ಲ.

ಒಂದೇ ಬಾಗಿಲು, ಎರಡು ಬೀಗದಕೈ

ಹೊಸದಾಗಿ ಆರಂಭಿಸುವವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಎಕ್ಸ್, ವಾಟ್ಸಾಪ್ ಇವೆಲ್ಲವನ್ನೂ ಒಂದೇ ದಿನ ತೆರೆದು, ಮೂರು ತಿಂಗಳ ತರುವಾಯ ಎಲ್ಲವನ್ನೂ ಪಾಳು ಬಿಡುವುದುಂಟು. ಪಾಳುಬಿದ್ದ ಪುಟವನ್ನು ನೋಡಿದವನು ಸಂಸ್ಥೆಯೇ ನಿಂತುಹೋಯಿತೆಂದು ತಿಳಿಯುತ್ತಾನೆ. ಆದುದರಿಂದ ತಮ್ಮ ಜನರು ಈಗಾಗಲೇ ಎಲ್ಲಿದ್ದಾರೆಂಬುದನ್ನು ವಿಚಾರಿಸಿಕೊಂಡು, ಅಲ್ಲಿ ಒಂದು ಬಾಗಿಲನ್ನು ಮಾತ್ರ ತೆರೆಯುವುದು ವಿವೇಕ. ಊರಿನಲ್ಲಿಯೇ ಇರುವ ಸದಸ್ಯರಿಗೂ ಫಲಾನುಭವಿಗಳಿಗೂ ವಾಟ್ಸಾಪ್ ಸಾಕು. ಗೋವೆ, ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ನೆಲಸಿ ಊರಿನ ಸುದ್ದಿಗಾಗಿ ಹಂಬಲಿಸುವ ಹಿರಿಯರಿಗೆ ಫೇಸ್‌ಬುಕ್ ಪುಟವು ಹೆಚ್ಚು ಪರಿಚಿತ. ಕಾಲೇಜಿನ ಹುಡುಗಹುಡುಗಿಯರು ಇರುವುದು ಇನ್‌ಸ್ಟಾಗ್ರಾಮಿನಲ್ಲಿ. ಇಡೀ ಆಟವನ್ನೋ ಉಪನ್ಯಾಸವನ್ನೋ ಕಾಯ್ದಿರಿಸಬೇಕಾದ ಯಕ್ಷಗಾನ ಮಂಡಳಿಗೆ ಯೂಟ್ಯೂಬು ಉತ್ತಮವಾದ ಭಂಡಾರ.

ವಾಟ್ಸಾಪಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಅದರ ಗ್ರೂಪಿನಲ್ಲಿ 1024 ಮಂದಿಯವರೆಗೆ ಸೇರಬಹುದಾದರೂ, ಸೇರಿದವರ ಫೋನ್ ನಂಬರು ಉಳಿದವರೆಲ್ಲರಿಗೂ ಕಾಣುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳ ನಂಬರುಗಳು ಹೀಗೆ ಅಪರಿಚಿತರ ಕೈ ಸೇರುವುದು ಹಿತವಲ್ಲ. 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್ಲಿನಲ್ಲಿಯಾದರೋ ಸಂಸ್ಥೆಯು ಹೇಳುವುದನ್ನು ಎಲ್ಲರೂ ಓದಬಹುದು, ಓದುವವರ ನಂಬರುಗಳು ಪರಸ್ಪರರಿಗೆ ತಿಳಿಯುವುದಿಲ್ಲ. ಕಾರ್ಯಕಾರಿ ಸಮಿತಿಗೆ ಗ್ರೂಪು, ಊರಿಗೆ ಚಾನೆಲ್ಲು ಎಂದು ವಿಭಾಗಿಸಿಕೊಂಡರೆ ಅನೇಕ ತೊಡಕುಗಳು ತಪ್ಪುತ್ತವೆ.

ಬಾಗಿಲು ಒಂದಾದರೂ ಬೀಗದಕೈ ಇಬ್ಬರಲ್ಲಿರತಕ್ಕದ್ದು. ಹುರುಪಿನ ತರುಣನೊಬ್ಬನು ತನ್ನ ಸ್ವಂತ ಫೋನಿನಿಂದ, ಸ್ವಂತ ಇಮೇಲಿನಿಂದ ಪುಟವನ್ನು ತೆರೆಯುತ್ತಾನೆ. ಎರಡು ವರ್ಷಗಳ ಮೇಲೆ ನೌಕರಿಗಾಗಿ ಊರು ಬಿಡುತ್ತಾನೆ. ನಂಬರು ಬದಲಾಗುತ್ತದೆ, ಪಾಸ್‌ವರ್ಡು ಮರೆತುಹೋಗುತ್ತದೆ. ಸಂಸ್ಥೆಯ ಹೆಸರು ಹೊತ್ತ ಪುಟವು ಸಂಸ್ಥೆಗೇ ಪರಕೀಯವಾಗುತ್ತದೆ. ಇದನ್ನು ತಪ್ಪಿಸುವುದಕ್ಕಾಗಿ ಸಂಸ್ಥೆಯ ಹೆಸರಿನಲ್ಲಿಯೇ ಒಂದು ಇಮೇಲನ್ನು ಮಾಡಿಸಿ, ಎರಡು ಹಂತದ ಭದ್ರತೆಯನ್ನು ಜೋಡಿಸಿ, ಪಾಸ್‌ವರ್ಡನ್ನು ಠರಾವಿನ ಪುಸ್ತಕ, ಬ್ಯಾಂಕಿನ ಚೆಕ್‌ಬುಕ್ಕುಗಳಷ್ಟೇ ಜೋಪಾನದಿಂದ ಕಾಪಾಡಬೇಕು. ನೋಂದಾಯಿತ ಸೇವಾಸಂಸ್ಥೆಗಳಿಗೆ ಗೂಗಲ್ ತನ್ನ ಕಚೇರಿ ಸೌಲಭ್ಯಗಳನ್ನೂ, ಚಿತ್ರವಿನ್ಯಾಸಕ್ಕೆ ಒದಗುವ ಕ್ಯಾನ್ವಾ ತನ್ನ ಸೇವೆಯನ್ನೂ ಉಚಿತವಾಗಿ ಕೊಡುತ್ತವೆ. ನೋಂದಣಿ ಪತ್ರವನ್ನು ಕಳುಹಿಸಿ ಅರ್ಜಿ ಹಾಕುವ ಶ್ರಮವಷ್ಟೇ ನಮ್ಮದು.

ಚಿತ್ರದಲ್ಲಿ ಯಾರಿರಬೇಕು

ನಮ್ಮ ಸಂಸ್ಥೆಗಳ ಪುಟಗಳಲ್ಲಿ ಅತ್ಯಂತ ಸಾಮಾನ್ಯವಾದ ಚಿತ್ರವೊಂದನ್ನು ಸಮೀಪದಿಂದ ನೋಡೋಣ. ಹಿಂಬದಿಯಲ್ಲಿ ದಾನಿಗಳ ಭಾವಚಿತ್ರಗಳುಳ್ಳ ಬ್ಯಾನರು. ಮುಂದೆ ಶಾಲು ಹೊದ್ದ ಎಂಟು ಹತ್ತು ಗಣ್ಯರು. ನೋಟ್‌ಬುಕ್ಕಿನ ಒಂದು ಕಟ್ಟನ್ನು ಒಟ್ಟಿಗೆ ಹಿಡಿದಿರುವ ಅವರ ಅಷ್ಟೂ ಕೈಗಳು. ಅವುಗಳ ನಡುವೆ, ಕ್ಯಾಮೆರಾವನ್ನು ನೋಡಬೇಕೋ ಪುಸ್ತಕವನ್ನು ನೋಡಬೇಕೋ ತಿಳಿಯದೆ ನಿಂತ ಒಂದು ಮಗು. ಕೊಟ್ಟವರು ಯಾರೆಂಬುದು ಈ ಚಿತ್ರದಿಂದ ತಿಳಿಯುತ್ತದೆ; ಪುಸ್ತಕವು ಮಗುವಿಗೆ ಏಕೆ ಬೇಕಾಗಿತ್ತು, ಆ ವರ್ಷ ಅದು ಏನನ್ನು ಕಲಿಯಿತು ಎಂಬುದು ತಿಳಿಯುವುದಿಲ್ಲ. ನೆರವು ಪಡೆಯುವುದು ಆ ಮಗುವಿನ ಅಪರಾಧವಲ್ಲ. ಅದರ ಬಡತನವನ್ನು ಊರಿಗೆಲ್ಲ ತೋರಿಸುವ ಅಧಿಕಾರವು ಒಂದು ಡಜನ್ ನೋಟ್‌ಬುಕ್ಕಿನಿಂದ ಯಾರಿಗೂ ಬರುವುದಿಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ನಿಷ್ಠುರವಾಗಿದೆ. 2015ರ ಬಾಲನ್ಯಾಯ ಅಧಿನಿಯಮದ 74ನೆಯ ಪ್ರಕರಣದ ಮೇರೆಗೆ, ಪಾಲನೆ ಪೋಷಣೆಗಳ ಅಗತ್ಯವುಳ್ಳ ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಮೊದಲಾಗಿ ಅದರ ಗುರುತನ್ನು ಬಯಲುಮಾಡುವ ಯಾವುದನ್ನೂ ಯಾವ ಮಾಧ್ಯಮದಲ್ಲಿಯೂ ಪ್ರಕಟಿಸಲಾಗದು. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸವನ್ನೋ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ವಯಸ್ಕರಾದರೂ, ಚಿತ್ರವು ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಅವರ ಆಡುಮಾತಿನಲ್ಲಿ ವಿವರಿಸಿ, ಅವರು ಸಮ್ಮತಿಸಿದರೆ ಮಾತ್ರ ಬಳಸುವುದು ಮರ್ಯಾದೆ. ಮೂಕಪ್ರಾಣಿಗಳ ವಿಷಯದಲ್ಲಿಯೂ ಇಂಥ ವಿವೇಕವು ಬೇಕು: ನಮ್ಮ ಕಡಲತೀರಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಗಳ ಗೂಡು ಇಂಥದೇ ಸ್ಥಳದಲ್ಲಿದೆಯೆಂದು ನಕ್ಷೆಯ ಸಮೇತ ಪ್ರಕಟಿಸಿದರೆ, ಗೂಡನ್ನು ಕಾಯುವವರಿಗಿಂತ ಮೊದಲು ಅದನ್ನು ಕೆದಕುವವರು ಅಲ್ಲಿಗೆ ತಲುಪಿಯಾರು.

ಚಿತ್ರದಲ್ಲಿ ಇರಬೇಕಾದುದು ಕೆಲಸ. ಸಸಿಯ ಬುಡಕ್ಕೆ ಮಣ್ಣೇರಿಸುತ್ತಿರುವ ಕೈ, ವಾಚನಾಲಯದ ಹೊಸ ಕಪಾಟು, ಬಣ್ಣದ ಮನೆಯಲ್ಲಿ ಕಿರೀಟ ಕಟ್ಟಿಕೊಳ್ಳುತ್ತಿರುವ ವೇಷಧಾರಿ: ಇವು ಗಣ್ಯರ ಸಾಲಿಗಿಂತ ಹೆಚ್ಚಿನದನ್ನು ಹೇಳುತ್ತವೆ.

ಬರೆಯುವ ಕ್ರಮ

ಬರವಣಿಗೆಯಲ್ಲಿಯೂ ಲೆಕ್ಕ ಒಪ್ಪಿಸುವ ಧೋರಣೆಯೇ ಇರಲಿ. ಕಾಳಿ ನದಿಯ ಅಳಿವೆಯ ದಂಡೆಯಲ್ಲಿ ಕಾಂಡ್ಲಾ ಸಸಿಗಳನ್ನು ನೆಟ್ಟ ಸಂಘವೊಂದಿದೆಯೆನ್ನೋಣ. "ಪರಿಸರ ದಿನಾಚರಣೆಯು ವಿಜೃಂಭಣೆಯಿಂದ ಜರುಗಿತು" ಎಂದು ಅದು ಬರೆದರೆ ಓದಿದವನಲ್ಲಿ ಏನೂ ಉಳಿಯುವುದಿಲ್ಲ. "ಕಳೆದ ಮಳೆಗಾಲದಲ್ಲಿ 200 ಸಸಿ ನೆಟ್ಟಿದ್ದೆವು, ಇಂದು ಎಣಿಸಿದಾಗ 130 ಬದುಕಿವೆ. ಕೆಲವು ನೆರೆಗೆ ಹೋದವು, ಕೆಲವನ್ನು ದನ ತಿಂದವು. ಬರುವ ಭಾನುವಾರ ಬೇಲಿ ಕಟ್ಟುತ್ತೇವೆ, ಬೆಳಿಗ್ಗೆ 7 ಗಂಟೆಗೆ ಬರುವವರು ಕತ್ತಿ ತನ್ನಿ" ಎಂದು ಬರೆದರೆ, ಕೆಲಸವೂ ಸೋಲೂ ಮುಂದಿನ ದಾರಿಯೂ ನಾಲ್ಕು ಸಾಲುಗಳಲ್ಲಿ ಅಡಕವಾಗುತ್ತವೆ. ಸತ್ತ 70 ಸಸಿಗಳ ಮಾತನ್ನು ಮುಚ್ಚಿಡದ ಸಂಘವು ಬದುಕಿದ 130ರ ಮಾತನ್ನು ಹೇಳಿದಾಗ ಯಾರೂ ಸಂದೇಹಪಡುವುದಿಲ್ಲ.

ರಕ್ತದಾನದ ಕರೆಯು ಇನ್ನೊಂದು ನಿದರ್ಶನ. "ತುರ್ತಾಗಿ ಒ ನೆಗೆಟಿವ್ ರಕ್ತ ಬೇಕಾಗಿದೆ, ಎಲ್ಲರಿಗೂ ಕಳುಹಿಸಿ" ಎಂಬ ಸಂದೇಶವು ದಿನಾಂಕವಿಲ್ಲದೆ ಹೊರಟರೆ, ರೋಗಿಯು ಗುಣಮುಖನಾಗಿ ಮನೆಗೆ ಹೋದ ತಿಂಗಳುಗಳ ಮೇಲೂ ಫೋನಿನಿಂದ ಫೋನಿಗೆ ಸುತ್ತುತ್ತಿರುತ್ತದೆ. ಅಂಥ ಹಳೆಯ ಕರೆಗಳಿಗೆ ಎರಡು ಮೂರು ಸಲ ಓಗೊಟ್ಟು ಬೇಸತ್ತವನು ನಿಜವಾದ ಕರೆ ಬಂದಾಗ ಅಲುಗಾಡುವುದಿಲ್ಲ. ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಗಂಟೆಯವರೆಗೆ, ಸಂಸ್ಥೆಯ ಯಾವ ನಂಬರಿಗೆ ಕರೆ ಮಾಡಬೇಕು ಎಂಬ ನಾಲ್ಕು ಸಂಗತಿಗಳಿರಲಿ. ರೋಗಿಯ ಹೆಸರು ಬೇಡ. ರಕ್ತವು ದೊರೆತೊಡನೆ "ದೊರೆತಿದೆ, ಕೃತಜ್ಞತೆಗಳು" ಎಂಬ ಎರಡನೆಯ ಸಂದೇಶವು ತಪ್ಪದೆ ಹೋಗಲಿ.

ಭಾಷೆಯ ಪ್ರಶ್ನೆಯು ಈ ಗಡಿಸೀಮೆಯಲ್ಲಿ ಸಹಜವಾಗಿ ಏಳುತ್ತದೆ. ಕನ್ನಡವು ಎಲ್ಲರನ್ನೂ ಕೂಡಿಸುವ ಭಾಷೆಯಾದರೆ, ಕಾರವಾರದ ಅನೇಕ ಮನೆಗಳಲ್ಲಿ ಕೊಂಕಣಿಯು ಒಳಮನೆಯ ಮಾತು. ಹಾಲಕ್ಕಿಗಳ ಕನ್ನಡಕ್ಕೆ ಅದರದೇ ಆದ ಇಂಪುಂಟು. ಬರಹವು ತಿಳಿಗನ್ನಡದಲ್ಲಿರಲಿ, ಓದುಬಾರದ ಹಿರಿಯರಿಗೆ ತಲುಪಬೇಕಾದ ಮಾತನ್ನು ಅವರ ನುಡಿಯಲ್ಲಿಯೇ ಧ್ವನಿಮುದ್ರಿಸಿ ಕಳುಹಿಸುವಂತಾಗಲಿ. ಹಾಲಕ್ಕಿ ಜನಪದ ಗಾಯಕಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ ಕಾರವಾರದ ಆಕಾಶವಾಣಿಯು, ಅಕ್ಷರದ ಹಂಗಿಲ್ಲದ ಜ್ಞಾನವನ್ನು ಧ್ವನಿಯ ಮೂಲಕ ಕಾಪಿಡಬಹುದೆಂಬುದನ್ನು ಈಗಾಗಲೇ ತೋರಿಸಿಕೊಟ್ಟಿದೆ. ಸಂದೇಶ ಕಳುಹಿಸುವ ಕಾಲವನ್ನೂ ಊರಿನ ಬದುಕಿನಿಂದಲೇ ಆರಿಸಿಕೊಳ್ಳಬೇಕು. ಯಾಂತ್ರೀಕೃತ ಮೀನುಗಾರಿಕೆಯು ನಿಲ್ಲುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ದೋಣಿಯವರು ಮನೆಯಲ್ಲಿರುತ್ತಾರೆ. ವಿಮೆ, ವಿದ್ಯಾರ್ಥಿವೇತನ, ಆರೋಗ್ಯ ಶಿಬಿರಗಳ ವಿಷಯವನ್ನು ಅವರಿಗೆ ತಿಳಿಸುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಸಮಯವಿಲ್ಲ.

ಕೂಗಿನ ಬಲ, ಕೂಗಿನ ಅಪಾಯ

ಒಂದು ಜಿಲ್ಲೆಯ ಧ್ವನಿಯು ಜಾಲತಾಣದಲ್ಲಿ ಏನನ್ನು ಸಾಧಿಸಬಲ್ಲುದು, ಏನನ್ನು ಸಾಧಿಸಲಾರದು ಎಂಬುದಕ್ಕೆ ಉತ್ತರ ಕನ್ನಡದ ಆಸ್ಪತ್ರೆಯ ಬೇಡಿಕೆಗಿಂತ ಉತ್ತಮವಾದ ದೃಷ್ಟಾಂತವಿಲ್ಲ. ಅಪಘಾತವಾದರೆ, ಹೃದಯಾಘಾತವಾದರೆ, ರೋಗಿಯನ್ನು ಗೋವೆಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸಬೇಕಾದ ಸಂಕಟವು ಇಲ್ಲಿಯ ಪ್ರತಿಯೊಂದು ಮನೆಯ ಅನುಭವ. 2019ರ ಜೂನಿನಲ್ಲಿ, ಜಿಲ್ಲೆಗೊಂದು ತುರ್ತುಚಿಕಿತ್ಸೆಯ ಆಸ್ಪತ್ರೆ ಬೇಕೆಂಬ ಒಂದೇ ವಾಕ್ಯವನ್ನು ಹ್ಯಾಶ್‌ಟ್ಯಾಗಾಗಿ ಮಾಡಿಕೊಂಡು ಜಿಲ್ಲೆಯ ಯುವಜನರು ಟ್ವಿಟರಿನಲ್ಲಿ ಅಭಿಯಾನವನ್ನು ಹೂಡಿದರು. ಅದು ಜಿಲ್ಲೆಯ ಗಡಿಯನ್ನು ದಾಟಿ ರಾಜ್ಯದ ಗಮನವನ್ನು ಸೆಳೆಯಿತು. 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡಾಗ, ಅದೇ ಬೇಡಿಕೆಯು ಮತ್ತೊಮ್ಮೆ ಭುಗಿಲೆದ್ದಿತು. ಬೇಡಿಕೆಯು ಒಂದೇ ಆಗಿದ್ದುದು, ಸರಳವಾಗಿದ್ದುದು, ಉತ್ತರಿಸಬೇಕಾದವರು ಯಾರೆಂಬುದು ಸ್ಪಷ್ಟವಾಗಿದ್ದುದು ಈ ಅಭಿಯಾನದ ಶಕ್ತಿ. ಆದರೆ ಮೂರು ವರ್ಷಗಳ ತರುವಾಯ ಅದೇ ಕೂಗನ್ನು ಮತ್ತೆ ಎಬ್ಬಿಸಬೇಕಾಗಿ ಬಂದುದೇ ಅದರ ಮಿತಿಯನ್ನೂ ತೋರಿಸುತ್ತದೆ. ಅಲೆಯು ಇಳಿದ ಮೇಲೆ ಅರ್ಜಿಯ ಬೆನ್ನು ಹತ್ತುವುದು, ಬಜೆಟ್ಟಿನಲ್ಲಿ ಏನಾಯಿತೆಂದು ಕೇಳುವುದು, ಕೇಳಿ ತಿಳಿದುದನ್ನು ಪುನಃ ಜನರಿಗೆ ಒಪ್ಪಿಸುವುದು ಸಂಘಟಿತವಾದ ಸಂಸ್ಥೆಯಿಂದ ಮಾತ್ರ ಆಗತಕ್ಕ ಕೆಲಸ.

ಕೂಗಿನ ಅಪಾಯವನ್ನು ನಾವು ಕಂಡುದು 2024ರ ಜುಲೈ 16ರ ತರುವಾಯ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವು ಕುಸಿದು, ಜೀವಗಳೂ ವಾಹನಗಳೂ ಮಣ್ಣಿನ ಪಾಲಾಗಿ ಗಂಗಾವಳಿ ನದಿಯ ಪಾಲಾದಾಗ, ಶೋಧನೆಯ ಸ್ಥಳಕ್ಕಿಂತ ಫೋನುಗಳಲ್ಲಿಯೇ ಹೆಚ್ಚು ಸುದ್ದಿಗಳು ಹುಟ್ಟಿದುವು. ಕಾಣೆಯಾದ ಲಾರಿಯೊಂದು ರಸ್ತೆಯ ಮೇಲಿನ ಮಣ್ಣಿನಡಿಯಲ್ಲಿಯೇ ಇದೆಯೆಂದು ಬಹುಮಂದಿ ನಂಬಿದರು, ನಂಬಿದ್ದನ್ನು ಹರಡಿದರು; ಕಡೆಗೆ ಸೆಪ್ಟೆಂಬರ್ 25ರಂದು ಅದು ದೊರೆತುದು ನದಿಯೊಳಗೆ. ಇಂಥ ವಿಪತ್ತಿನಲ್ಲಿ ಊರಿನ ಸೇವಾಸಂಸ್ಥೆಯ ಪುಟಕ್ಕೆ ಇರುವ ಧರ್ಮ ಒಂದೇ: ಜಿಲ್ಲಾಡಳಿತದಿಂದ ಖಚಿತಪಡಿಸಿಕೊಂಡುದನ್ನು ಮಾತ್ರ ಸಮಯಸಹಿತ ಹೇಳುವುದು, ತಪ್ಪೆಂದು ತಿಳಿದುದನ್ನು ಒಡನೆಯೇ ತಿದ್ದುವುದು, ಶೋಕದಲ್ಲಿರುವ ಮನೆಯ ಬಾಗಿಲಿಗೆ ಕ್ಯಾಮೆರಾವನ್ನು ಒಯ್ಯದಿರುವುದು.

ಹಣದ ಮಾತು

ದಾನವನ್ನು ಕೇಳುವುದಕ್ಕೆ ನಾಚಬೇಕಾಗಿಲ್ಲ. ಆದರೆ ಕೇಳುವ ಮೊದಲು ಮನೆ ಸರಿಯಾಗಿರಬೇಕು. ಕ್ಯೂಆರ್ ಕೋಡು ಸಂಸ್ಥೆಯ ಬ್ಯಾಂಕ್ ಖಾತೆಯದಾಗಿರತಕ್ಕದ್ದು. ಸ್ಕ್ಯಾನ್ ಮಾಡಿದಾಗ ಖಜಾಂಚಿಯ ಹೆಸರು ಬಂದರೆ, ಖಜಾಂಚಿಯು ಎಷ್ಟೇ ಪ್ರಾಮಾಣಿಕನಾದರೂ ದಾನಿಯ ಕೈ ಹಿಂಜರಿಯುತ್ತದೆ. 80ಜಿ ಎಂದು ಜನಜನಿತವಾಗಿರುವ ತೆರಿಗೆ ವಿನಾಯಿತಿಯ ಮಾನ್ಯತೆಯಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. 2000 ರೂಪಾಯಿಗಳನ್ನು ಮೀರಿದ ನಗದು ದಾನಕ್ಕೆ ಆ ವಿನಾಯಿತಿಯು ಸಲ್ಲದೆಂಬುದನ್ನೂ ಹೇಳಬೇಕು. ಪರದೇಶದ ಹಣದ ವಿಷಯವು ಇನ್ನೂ ಸೂಕ್ಷ್ಮ. ದುಬಾಯಿಯಲ್ಲೋ ಮಸ್ಕತ್ತಿನಲ್ಲೋ ದುಡಿಯುತ್ತಿದ್ದು ಭಾರತದ ಪಾಸ್‌ಪೋರ್ಟನ್ನೇ ಹೊಂದಿರುವ ನಮ್ಮವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು ವಿದೇಶಿ ವಂತಿಗೆಯಾಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವವನ್ನು ಪಡೆದವರು, ಅವರು ಹುಟ್ಟಿದ್ದು ಅಂಕೋಲೆಯಲ್ಲಿಯೇ ಆದರೂ, ಕಳುಹಿಸಿದ ಹಣವು ವಿದೇಶಿ ವಂತಿಗೆಯೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಅಧಿನಿಯಮದ ಮೇರೆಗೆ ಅನುಮತಿಯಿಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. ಜಾಲತಾಣದ ಕರೆಯು ಗಡಿಗಳನ್ನು ಲೆಕ್ಕಿಸದೆ ಹೋಗುವುದರಿಂದ, ಯಾರಿಂದ ಹಣವನ್ನು ಸ್ವೀಕರಿಸಬಲ್ಲೆವೆಂಬುದನ್ನು ಆ ಕರೆಯಲ್ಲಿಯೇ ಬರೆದಿಡುವುದು ಕ್ಷೇಮ. ಎಲ್ಲಕ್ಕೂ ಮಿಗಿಲಾದುದು, ಬಂದ ಹಣವೆಷ್ಟು, ಯಾವುದಕ್ಕೆ ವೆಚ್ಚವಾಯಿತು, ಉಳಿದುದೆಷ್ಟು ಎಂಬ ಮೂರು ಸಾಲುಗಳನ್ನು ದಾನವನ್ನು ಕೇಳಿದ ಜಾಗದಲ್ಲಿಯೇ ಪ್ರಕಟಿಸುವುದು.

ಹೀಗೆ ಮಾತನಾಡತೊಡಗಿದ ಮೇಲೆ ಊರು ಮರುಮಾತನಾಡುತ್ತದೆ. ಪ್ರಶ್ನೆ ಬಂದರೆ ಒಂದೆರಡು ದಿನಗಳಲ್ಲಿ ಉತ್ತರಿಸಬೇಕು. ಟೀಕೆಯಲ್ಲಿ ಸತ್ಯವಿದ್ದರೆ ಒಪ್ಪಬೇಕು. ಬೈಗುಳವನ್ನು ಮಾತ್ರ ಅಳಿಸಬೇಕು, ಅಪ್ರಿಯವಾದ ಪ್ರಶ್ನೆಯನ್ನು ಅಳಿಸಬಾರದು. ಯಶಸ್ಸನ್ನು ಲೈಕುಗಳಿಂದ ಅಳೆಯುವುದೂ ಸಲ್ಲದು. ಸಾವಿರ ಮಂದಿ ಮೆಚ್ಚಿದ ರಕ್ತದಾನದ ಕರೆಗೆ ಒಬ್ಬನೂ ಬರದಿದ್ದರೆ ಅದು ವ್ಯರ್ಥ. ನಲವತ್ತೇ ಜನ ಓದಿದ ಕರೆಗೆ ಮೂವರು ಬಂದಿದ್ದರೆ ಅದು ಸಾರ್ಥಕ. ಎಷ್ಟು ಮಂದಿ ಬಂದರು, ಎಷ್ಟು ಹೊಸ ಸ್ವಯಂಸೇವಕರು ಸೇರಿದರು, ಯಾವ ಕುಟುಂಬಕ್ಕೆ ಯಾವ ಮಾಹಿತಿಯು ಸಕಾಲದಲ್ಲಿ ತಲುಪಿತು ಎಂಬುದೇ ಅಳತೆ.

ಇದಕ್ಕೆಲ್ಲ ದೊಡ್ಡ ಸಿದ್ಧತೆಯೇನೂ ಬೇಕಾಗಿಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಠರಾವನ್ನು ಮಂಡಿಸಿದರೆ ಸಾಕು: ಸಂಸ್ಥೆಯು ಇಂಥ ಒಂದು ಜಾಲತಾಣದಲ್ಲಿ ಪುಟವನ್ನು ತೆರೆಯತಕ್ಕದ್ದು; ಅದರ ಹೊಣೆಯು ಇಂಥ ಇಬ್ಬರದು; ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಹಾಕತಕ್ಕದ್ದಲ್ಲ; ವಾರಕ್ಕೊಂದು ಕೆಲಸದ ವಿವರವನ್ನೂ ತಿಂಗಳಿಗೊಮ್ಮೆ ಜಮಾಖರ್ಚನ್ನೂ ಪ್ರಕಟಿಸತಕ್ಕದ್ದು; ಆರು ತಿಂಗಳ ಬಳಿಕ ಪರಾಮರ್ಶಿಸತಕ್ಕದ್ದು. ಈ ಐದು ಮಾತುಗಳನ್ನು ನಿಷ್ಠೆಯಿಂದ ನಡೆಸಿದ ಸಂಸ್ಥೆಗೆ ಪ್ರಸಿದ್ಧಿಯು ಬಂದೀತೋ ಬಾರದೋ ಹೇಳಲಾಗದು. ಆದರೆ ಊರಿನ ವಿಶ್ವಾಸವು ಖಂಡಿತವಾಗಿಯೂ ಬರುತ್ತದೆ, ಮತ್ತು ಸೇವಾಸಂಸ್ಥೆಯೊಂದು ಬದುಕುವುದಕ್ಕೆ ಅದಕ್ಕಿಂತ ದೊಡ್ಡ ಬಂಡವಾಳವು ಬೇರೊಂದಿಲ್ಲ.